ಹೈಬ್ರಿಡ್ ಕಾರಿನಲ್ಲಿ ಏಸಿ, ಲೈಟು, ಚಾರ್ಜರ್‌ಗೆ ಕರೆಂಟು ಎಲ್ಲಿಂದ? ಕರಾವಳಿಯವರಿಗೊಂದು ಬಳಕೆಯ ಕೈಪಿಡಿ

ಪೆಟ್ರೋಲ್ ಕಾರಿನಲ್ಲಿ ಲೆಕ್ಕ ಸುಲಭ. ಎಂಜಿನ್ ತಿರುಗಿದರೆ ಬೆಲ್ಟ್ ತಿರುಗುತ್ತದೆ. ಬೆಲ್ಟ್ ತಿರುಗಿದರೆ ಏಸಿ ಕಂಪ್ರೆಸರೂ ಡೈನಮೋವೂ ತಿರುಗುತ್ತವೆ. ಎಂಜಿನ್ ನಿಂತರೆ ತಂಪೂ ನಿಂತಿತು. ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಮೋಟಾರೂ ಇರುವ ಪೂರ್ಣ (ಸ್ಟ್ರಾಂಗ್) ಹೈಬ್ರಿಡ್ ಗಾಡಿಯಲ್ಲಿ ಈ ಬೆಲ್ಟಿನ ಸಂಬಂಧವೇ ಇಲ್ಲ. ಏಸಿಯನ್ನು ನಡೆಸುವುದು ದೊಡ್ಡ ಬ್ಯಾಟರಿ. ಉಳಿದ ಲೈಟು, ವೈಪರ್, ಸ್ಟೀರಿಯೋ, ಚಾರ್ಜರ್‌ಗಳೆಲ್ಲ 12 ವೋಲ್ಟಿನ ಸಣ್ಣ ಬ್ಯಾಟರಿಯ ಕಡೆಯವು. ದೊಡ್ಡದನ್ನು ಗಾಡಿಯ ಕಂಪ್ಯೂಟರ್ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತದೆ. ಸಣ್ಣದನ್ನು ನೋಡಿಕೊಳ್ಳಬೇಕಾದವರು ನಾವು. ಹೈಬ್ರಿಡ್ ಗಾಡಿ ಮನೆಯಂಗಳದಲ್ಲಿ ಏಳದೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಈ ಸಣ್ಣ ಬ್ಯಾಟರಿಯನ್ನೇ.

ಮೊದಲು ನಿಮ್ಮ ಗಾಡಿ ಯಾವುದೆಂದು ತಿಳಿಯಿರಿ

'ಹೈಬ್ರಿಡ್' ಎಂದು ಹಿಂದೆ ಬರೆದಿದ್ದರೆ ಸಾಲದು. ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ 2022ರಲ್ಲಿ ಬಂದಾಗಲೇ ಮೈಲ್ಡ್ ಮತ್ತು ಸ್ಟ್ರಾಂಗ್ ಎಂಬ ಎರಡು ಬಗೆಯಲ್ಲಿ ಬಂದವು. ಹೆಸರು ಒಂದೇ, ಒಳಗಿನ ವ್ಯವಸ್ಥೆ ಪೂರ್ತಿ ಬೇರೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಏಸಿ ಕಂಪ್ರೆಸರ್ ಇನ್ನೂ ಎಂಜಿನ್ನಿನ ಬೆಲ್ಟಿನಲ್ಲೇ ಇದೆ. ಡೈನಮೋದ ಜಾಗದಲ್ಲಿ ಸ್ಟಾರ್ಟರ್ ಕೆಲಸವನ್ನೂ ಮಾಡುವ ಜನರೇಟರ್ ಕೂತಿರುತ್ತದೆ, ಅಷ್ಟೇ. ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಮಾರುತಿ ಇನ್‌ವಿಕ್ಟೊ, ಹೋಂಡಾ ಸಿಟಿ ಇ:ಎಚ್‌ಇವಿ ಇವೆಲ್ಲ ಸ್ಟ್ರಾಂಗ್ ಜಾತಿಯವು.

ಸಂಶಯವಿದ್ದರೆ ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ನಂತೂರಿನಲ್ಲೋ ಟ್ರಾಫಿಕ್ ನಿಂತಾಗ ಪರೀಕ್ಷೆ ಮಾಡಿ. ಏಸಿ ಹಾಕಿಕೊಂಡೇ ಬ್ರೇಕ್ ಮೇಲೆ ಕಾಲಿಟ್ಟಿರಿ, ಎಂಜಿನ್ ನಿಂತ ಮೇಲೆ ಒಂದು ನಿಮಿಷ ಗಾಳಿ ಬರುವ ಕಿಂಡಿಗೆ ಕೈ ಹಿಡಿಯಿರಿ. ತಂಪು ಹಾಗೇ ಮುಂದುವರಿದರೆ ಸ್ಟ್ರಾಂಗ್. ಫ್ಯಾನ್ ಬೀಸುತ್ತಿದ್ದರೂ ಗಾಳಿ ಮೆಲ್ಲಗೆ ಬೆಚ್ಚಗಾಗುತ್ತ ಬಂದು, ಎಂಜಿನ್ ತಾನೇ ಎದ್ದರೆ ಮೈಲ್ಡ್. ಮೈಲ್ಡ್ ಗಾಡಿಯವರಿಗೆ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಸಲಹೆ ಒಂದೇ: ಎಂಜಿನ್ ನಿಲ್ಲಿಸುವ ಐಡಲ್-ಸ್ಟಾಪ್ ಬಟನ್ ಆಫ್ ಮಾಡಿ ಓಡಿಸಿ. ಆಗ ಸಿಗ್ನಲ್‌ಗಳಲ್ಲೂ ತಂಪು ಕಡಿಯುವುದಿಲ್ಲ. ಇನ್ನು ಮುಂದೆ ಹೇಳುವುದು ಬಹುತೇಕ ಸ್ಟ್ರಾಂಗ್ ಹೈಬ್ರಿಡ್ ಕುರಿತು.

ಕರೆಂಟು ಹರಿಯುವ ದಾರಿ

ದೊಡ್ಡ ಬ್ಯಾಟರಿ ಹೈರೈಡರ್, ಗ್ರ್ಯಾಂಡ್ ವಿಟಾರಾಗಳಲ್ಲಿ 177.6 ವೋಲ್ಟಿನ ಲಿಥಿಯಂ ಅಯಾನ್, ಸಾಮರ್ಥ್ಯ 0.76 ಯೂನಿಟ್. ಹೈಕ್ರಾಸ್‌ನಲ್ಲಿ ನಿಕಲ್ ಮೆಟಲ್ ಹೈಡ್ರೈಡ್, 168 ಸೆಲ್ಲು, 201.6 ವೋಲ್ಟು. ಅಲ್ಲಿಂದ ಕೇಸರಿ ಬಣ್ಣದ ದಪ್ಪ ವಯರುಗಳು ಎಂಜಿನ್ ಕಡೆಗೆ ಹೋಗುತ್ತವೆ. ಒಂದು ಕವಲು ಗಾಡಿ ಎಳೆಯುವ ಮೋಟಾರಿಗೆ. ಇನ್ನೊಂದು ಏಸಿ ಕಂಪ್ರೆಸರಿಗೆ. ಈ ಕಂಪ್ರೆಸರಿನೊಳಗೇ ಮೋಟಾರು ಇದೆ, ಬೇಕಾದಷ್ಟೇ ವೇಗದಲ್ಲಿ ತಿರುಗುತ್ತದೆ. ಹೀಗೆ ಪೂರ್ತಿ ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರ್ ಟೊಯೋಟಾದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ 2003ರಲ್ಲೇ ಬಂದಿತ್ತು. ಅದಕ್ಕೂ ಹಿಂದಿನ ಪ್ರಿಯಸ್ ಎಂಜಿನ್ ಬೆಲ್ಟನ್ನೇ ನಂಬಿತ್ತು.

ಮೂರನೇ ಕವಲು ಡಿಸಿ-ಡಿಸಿ ಕನ್ವರ್ಟರ್‌ಗೆ. ಡೈನಮೋ ಇಲ್ಲದ ಗಾಡಿಯಲ್ಲಿ ಡೈನಮೋ ಕೆಲಸ ಇದರದ್ದು. ದೊಡ್ಡ ಬ್ಯಾಟರಿಯ ಸುಮಾರು 200 ವೋಲ್ಟನ್ನು 14ರ ಆಸುಪಾಸಿಗೆ ಇಳಿಸಿ ಸಣ್ಣ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ, ಹೆಡ್‌ಲೈಟು, ಏಸಿಯ ಬ್ಲೋವರ್, ವೈಪರ್, ಪವರ್ ವಿಂಡೋ ಎಲ್ಲವನ್ನೂ ನಡೆಸುತ್ತದೆ.

ಇಡೀ ಏರ್ಪಾಡಿನ ಕೀಲಿ ಮೀಟರಿನಲ್ಲಿ ಹಸಿರಾಗಿ ಹೊತ್ತಿಕೊಳ್ಳುವ 'ರೆಡಿ' ದೀಪ. ಬ್ರೇಕ್ ತುಳಿದು ಪವರ್ ಬಟನ್ ಒತ್ತಿದಾಗ ಸಣ್ಣ ಬ್ಯಾಟರಿಯ ಕರೆಂಟಿನಿಂದ ಕಂಪ್ಯೂಟರುಗಳು ಎದ್ದು, ದೊಡ್ಡ ಬ್ಯಾಟರಿಯ ರಿಲೇಗಳನ್ನು, ಅಂದರೆ ಸ್ವಿಚ್ಚುಗಳನ್ನು, ಕೂಡಿಸುತ್ತವೆ. ಆಮೇಲೆ ರೆಡಿ ಬರುತ್ತದೆ. ಬ್ರೇಕ್ ತುಳಿಯದೆ ಬರಿದೇ ಬಟನ್ ಒತ್ತಿದರೆ ಹಾಡು ಬರುತ್ತದೆ, ಬ್ಲೋವರ್ ತಿರುಗುತ್ತದೆ, ಗಾಜು ಇಳಿಯುತ್ತದೆ. ಆದರೆ ಕಂಪ್ರೆಸರ್ ಸತ್ತಂತೆ, ಕನ್ವರ್ಟರ್ ನಿದ್ದೆಯಲ್ಲಿ. ನೀವು ಬಳಸುತ್ತಿರುವುದೆಲ್ಲ ಸಣ್ಣ ಬ್ಯಾಟರಿಯಿಂದಲೇ ಹೋಗುತ್ತಿದೆ. ಬ್ಲೋವರ್ 10 ಆಂಪಿಯರ್, ಸ್ಕ್ರೀನ್ ಮತ್ತು ಸ್ಪೀಕರ್ 4 ಆಂಪಿಯರ್ ಎಂದು ಹಿಡಿಯಿರಿ. 35 ಆಂಪಿಯರ್-ಅವರ್ ಬ್ಯಾಟರಿ ಒಂದೂಕಾಲು ಗಂಟೆಯಲ್ಲಿ ಅರ್ಧಕ್ಕೆ ಬಂತು. ಹಾಗಾಗಿ ನಿಯಮ: ಏನೇ ಬಳಸುವುದಿದ್ದರೂ ರೆಡಿಯಲ್ಲಿ ಬಳಸಿ, ಇಲ್ಲವೇ ಪೂರ್ತಿ ಆಫ್ ಮಾಡಿ. ನಡುವಿನ ಸ್ಥಿತಿಯಲ್ಲಿ ಗಾಡಿ ಬಿಡಬೇಡಿ.

ಸೆಕೆಗಾಲದಲ್ಲಿ ಏಸಿ

ಕರಾವಳಿಯಲ್ಲಿ ಏಸಿಗೆ ಎರಡು ಕೆಲಸ. ಗಾಳಿಯನ್ನು ತಣ್ಣಗೆ ಮಾಡುವುದು ಒಂದು, ಅದರಲ್ಲಿನ ನೀರನ್ನು ಹಿಂಡಿ ತೆಗೆಯುವುದು ಇನ್ನೊಂದು. ಬಳ್ಳಾರಿಯ ಒಣ ಬಿಸಿಲಿಗಿಂತ ಮಲ್ಪೆಯ ಅದೇ ಉಷ್ಣಾಂಶದಲ್ಲಿ ಕಂಪ್ರೆಸರ್ ಹೆಚ್ಚು ದುಡಿಯಬೇಕು. ಹೊರಗಿನ ಹಸಿ ಗಾಳಿ ಒಳಗೆ ಬರುತ್ತಲೇ ಇದ್ದರೆ ಈ ಕೆಲಸ ಮುಗಿಯುವುದೇ ಇಲ್ಲ.

ಪಣಂಬೂರಿನ ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಮೊದಲು ನಾಲ್ಕೂ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ. ಒಳಗಿನ ಕಾದ ಗಾಳಿ ಹೊರಗೆ ಹೋದ ಮೇಲೆ ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ, ಆಟೋದಲ್ಲಿ 25 ಡಿಗ್ರಿ ಇಡಿ. 18ಕ್ಕೆ ಇಳಿಸಿದರೆ ಬೇಗ ತಂಪಾಗುವುದಿಲ್ಲ. ಕಂಪ್ರೆಸರ್ ಆಗಲೇ ತನ್ನ ಪೂರ್ತಿ ಶಕ್ತಿಯಲ್ಲಿ ಓಡುತ್ತಿರುತ್ತದೆ, ತಂಪಾದ ಮೇಲೂ ನಿಲ್ಲದೆ ಓಡುವುದಷ್ಟೇ ಲಾಭ. ಕಾದ ಗಾಡಿಯಲ್ಲಿ ಮೊದಲ ಕೆಲವು ನಿಮಿಷ ಕಂಪ್ರೆಸರ್ 2ರಿಂದ 3 ಕಿಲೋವ್ಯಾಟ್ ಎಳೆಯಬಹುದು. ತಂಪಾದ ಮೇಲೆ ಒಂದು ಕಿಲೋವ್ಯಾಟ್ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಇಕೋ ಮೋಡ್ ಕಂಪ್ರೆಸರಿನ ಓಟವನ್ನೂ ಮಿತಗೊಳಿಸುತ್ತದೆ. "ಏಸಿ ತಂಪಿಲ್ಲ" ಎಂದು ಗ್ಯಾರೇಜಿಗೆ ಹೋಗುವ ಮೊದಲು ಆ ಬಟನ್ ನೋಡಿ.

ಈಗ ಹಲವರನ್ನು ಕಾಡುವ ಪ್ರಶ್ನೆ: ನಿಂತ ಗಾಡಿಯಲ್ಲಿ ಏಸಿ ಹಾಕಿ ಕೂತರೆ ಎಂಜಿನ್ ಆಗಾಗ ಏಕೆ ಏಳುತ್ತದೆ? ಲೆಕ್ಕ ಹಾಕಿ. 0.76 ಯೂನಿಟ್ ಬ್ಯಾಟರಿಯನ್ನು ಕಂಪ್ಯೂಟರ್ ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬಸಿಯುವುದೂ ಇಲ್ಲ. ನಡುವಿನ ಅರ್ಧದಷ್ಟು ಬಳಕೆಗೆ ಸಿಗುತ್ತದೆ ಎಂದುಕೊಂಡರೆ 0.35 ಯೂನಿಟ್ ಆಸುಪಾಸು. ಏಸಿಗೊಂದು ಕಿಲೋವ್ಯಾಟ್, ಉಳಿದದ್ದಕ್ಕೆ 300 ವ್ಯಾಟ್ ಹೋದರೆ ಹದಿನೈದು-ಹದಿನಾರು ನಿಮಿಷಕ್ಕೆ ಅದು ಮುಗಿಯಿತು. ಆಗ ಎಂಜಿನ್ ಎದ್ದು ಕೆಲವು ನಿಮಿಷ ಚಾರ್ಜ್ ಮಾಡಿ ಮತ್ತೆ ಮಲಗುತ್ತದೆ. ಇದು ಕಾಯಿಲೆಯಲ್ಲ, ಅದರ ಕ್ರಮವೇ ಹಾಗೆ. ಗಂಟೆಗೆ ಬೇಕಾದ 1.3 ಯೂನಿಟ್ಟಿಗೆ ಸುಟ್ಟುಹೋಗುವ ಪೆಟ್ರೋಲ್ ಅರ್ಧದಿಂದ ಮುಕ್ಕಾಲು ಲೀಟರು ಎಂದು ಅಂದಾಜಿಸಬಹುದು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಗಂಟೆಗಟ್ಟಲೆ ಸಿಕ್ಕಿಬಿದ್ದಾಗ ಈ ಅಂದಾಜು ಉಪಯೋಗಕ್ಕೆ ಬರುತ್ತದೆ.

ಹಾಗೆ ಕಾಯುವಾಗ ಗೇರ್ ಪಿಯಲ್ಲಿರಲಿ. ನ್ಯೂಟ್ರಲ್‌ನಲ್ಲಿ ಇಡಬೇಡಿ. ಟೊಯೋಟಾ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಲ್ಲಿರುವಾಗ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ, ಏಸಿ ಮಾತ್ರ ಅದನ್ನು ಕುಡಿಯುತ್ತಲೇ ಇರುತ್ತದೆ. ಹಳೆಯ ಗಾಡಿಯ ಅಭ್ಯಾಸದಂತೆ ಜಾಮಿನಲ್ಲಿ ನ್ಯೂಟ್ರಲ್‌ಗೆ ತಳ್ಳಿ ಕೂರುವ ಚಾಲಕರಿಗೆ ಇದನ್ನು ಹೇಳಿಕೊಡಲೇಬೇಕು.

ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ರಾತ್ರಿಯಿಡೀ ಯಕ್ಷಗಾನ, ಕೋಲ, ಕಂಬಳ ನಡೆಯುವಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಏಸಿ ಹಾಕಿ ಕಾರಿನಲ್ಲಿ ಮಲಗಿಸುವುದುಂಟು. ಗಾಡಿ ಸದ್ದಿಲ್ಲದೆ ಇದೆಯೆಂದು ಎಂಜಿನ್ ಆಫ್ ಎಂದುಕೊಳ್ಳಬೇಡಿ. ರೆಡಿಯಲ್ಲಿದ್ದರೆ ಅದು ಯಾವಾಗ ಬೇಕಾದರೂ ಎದ್ದು ಹೊಗೆ ಬಿಡುತ್ತದೆ. ಮನೆಯ ಮುಚ್ಚಿದ ಶೆಡ್ಡಿನಲ್ಲಿ, ಬೇಸ್‌ಮೆಂಟಿನಲ್ಲಿ, ಹಿಂದೆ ಗೋಡೆಗೆ ತಾಗಿಸಿ ನಿಲ್ಲಿಸಿದಲ್ಲಿ ಹೀಗೆ ಮಾಡಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಬಯಲಿನಲ್ಲೂ ಮಲಗಿರುವವರ ಜೊತೆ ಎಚ್ಚರವಿರುವ ದೊಡ್ಡವರೊಬ್ಬರು ಇರಲಿ.

ಘಟ್ಟ ಇಳಿಯುವಾಗ ಮಾತ್ರ ಏಸಿಯನ್ನು ಧಾರಾಳವಾಗಿ ಬಳಸಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಷ್ಟರಲ್ಲಿ ಬ್ರೇಕ್ ಹಾಕುವಾಗ ಮೋಟಾರು ಹುಟ್ಟಿಸುವ ಕರೆಂಟಿನಿಂದಲೇ ಬ್ಯಾಟರಿ ತುಂಬಿಬಿಡುತ್ತದೆ, ಆಮೇಲೆ ಬರುವ ಕರೆಂಟಿಗೆ ಜಾಗವಿರುವುದಿಲ್ಲ. ಅಲ್ಲಿ ಏಸಿ ಬಳಸಿದ್ದೆಲ್ಲ ಪುಕ್ಕಟೆ. ಬ್ಯಾಟರಿ ತುಂಬಿದ ಮೇಲೆ ಎಂಜಿನ್ ಜೋರಾಗಿ ಕೂಗಿದರೆ ಗಾಬರಿ ಬೇಡ. ಗಾಡಿಯನ್ನು ಹಿಡಿದು ನಿಲ್ಲಿಸಲು ಅದು ಎಂಜಿನ್ನನ್ನೇ ಬ್ರೇಕಾಗಿ ಬಳಸುತ್ತಿರುತ್ತದೆ.

ಮಳೆಗಾಲದಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕೂತರೆ ಹೊರಗಿನ ಗಾಳಿ, ಏಸಿ ಆನ್, ಗಾಜಿಗೆ ಗಾಳಿ ಬೀಸುವ ಡಿಫಾಗ್ ಬಟನ್. ಹೊರಗಿನಿಂದ ಕೂತರೆ ವೈಪರ್ ಹಾಕಿ, ಉಷ್ಣಾಂಶ ಎರಡು ಡಿಗ್ರಿ ಏರಿಸಿ. ಒಳಗಿನ ತಂಪು ಅತಿಯಾದದ್ದೇ ಅದಕ್ಕೆ ಕಾರಣ. ಡಿಫಾಗ್ ಹಾಕಿದಾಗ ಕಂಪ್ರೆಸರ್ ಓಡುತ್ತದೆ, ಬಿಸಿ ಗಾಳಿ ಬೇಕೆಂದರೆ ಎಂಜಿನ್ನೂ ಏಳುತ್ತದೆ. ಮೈಲೇಜ್ ಕಡಿಮೆಯಾಗುತ್ತದೆ, ಆಗಲಿ. ಕಾಣಿಸದ ಗಾಜಿನಲ್ಲಿ ಹೆದ್ದಾರಿ 66ರಲ್ಲಿ ಹೋಗುವುದಕ್ಕಿಂತ ಅದು ಮೇಲು.

ಸಣ್ಣ ಬ್ಯಾಟರಿ, ಹೊರಗಿನಿಂದ ಹಾಕಿಸುವ ಸಾಮಾನು

ಇಲ್ಲಿ ಸೆಲ್ಫ್ ಹೊಡೆಯುವ ಕೆಲಸ 12 ವೋಲ್ಟ್ ಬ್ಯಾಟರಿಗಿಲ್ಲ; ಎಂಜಿನ್ನನ್ನು ಎಬ್ಬಿಸುವುದು ದೊಡ್ಡ ಬ್ಯಾಟರಿಯ ಮೋಟಾರು. ಆದ್ದರಿಂದಲೇ ಅದು ಬಲ ಕಳೆದುಕೊಳ್ಳುತ್ತಿದ್ದರೂ ಸೂಚನೆ ಸಿಗುವುದಿಲ್ಲ. ಹಳೆಯ ಗಾಡಿಯಲ್ಲಿ ಸೆಲ್ಫ್ ಎಳೆಯುವ ಸದ್ದೇ ಮುನ್ನೆಚ್ಚರಿಕೆ ಕೊಡುತ್ತಿತ್ತು. ಇಲ್ಲಿ ನಿನ್ನೆಯವರೆಗೆ ಸರಿಯಿದ್ದದ್ದು ಇವತ್ತು ಡೋರೇ ತೆರೆಯುವುದಿಲ್ಲ.

ಒಂದು ಡಿಜಿಟಲ್ ಮಲ್ಟಿಮೀಟರ್ ಮನೆಯಲ್ಲಿರಲಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಆನ್ ಮಾಡುವ ಮೊದಲು ಅಳೆಯಿರಿ. 12.6 ಇದ್ದರೆ ತುಂಬಿದೆ. 12.4 ಪರವಾಗಿಲ್ಲ. 12.2 ಎಂದರೆ ಅರ್ಧಕ್ಕೆ ಬಂದಿದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಪರೀಕ್ಷಿಸಿ. ಆಮೇಲೆ ರೆಡಿಗೆ ತಂದು ಅಳೆದರೆ 13.5ರಿಂದ 14.5ರ ನಡುವೆ ಬರಬೇಕು. ರೆಡಿಯಲ್ಲೂ 12.3ರಲ್ಲೇ ನಿಂತರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಕನ್ವರ್ಟರ್ ಅಥವಾ ಅದರ ಫ್ಯೂಸ್ ಕಡೆ ನೋಡಬೇಕು. ಕೆಲವು ಗಾಡಿಗಳಲ್ಲಿ ಈ ಬ್ಯಾಟರಿ ಬಾನೆಟ್ ಕೆಳಗಿಲ್ಲ, ಒಳಗೆ ಹಿಂಬದಿಯಲ್ಲಿದೆ. ಅಲ್ಲಿಗೆ ಗ್ಯಾಸ್ ಹೊರಹೋಗುವ ನಳಿಗೆಯಿರುವ ಅದೇ ಮಾದರಿಯ ಬ್ಯಾಟರಿಯೇ ಬೇಕು. ಕಡಿಮೆ ಬೆಲೆಗೆ ಸಿಕ್ಕಿತೆಂದು ನೀರು ಹಾಕುವ ಮಾಮೂಲಿ ಬ್ಯಾಟರಿ ಇಟ್ಟರೆ ಅದರ ಗ್ಯಾಸ್ ನೀವು ಕೂರುವಲ್ಲಿಗೇ ಬರುತ್ತದೆ.

ಗಾಡಿ ನಿಂತಾಗಲೂ ಕ್ಯಾಮೆರಾ ಓಡುವ ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್ 0.25 ಆಂಪಿಯರ್ ಎಳೆದರೆ ದಿನಕ್ಕೆ 6 ಆಂಪಿಯರ್-ಅವರ್ ಹೋಯಿತು. ಮೂರು ದಿನ ಗಾಡಿ ತೆಗೆಯದಿದ್ದರೆ 18. ಸಣ್ಣ ಬ್ಯಾಟರಿಯ ಅರ್ಧ ಅಲ್ಲಿಗೇ ಖಾಲಿ. ವೋಲ್ಟೇಜ್ ಇಳಿದಾಗ ತಾನೇ ಕಡಿಯುವ ಕಿಟ್ ಇದ್ದರೆ ಅದನ್ನು 12.2ಕ್ಕಲ್ಲ, 12.4ಕ್ಕೆ ಇಡಿ. ಅದಿಲ್ಲದಿದ್ದರೆ ಪಾರ್ಕಿಂಗ್ ಮೋಡ್ ಬೇಡ. ಆಫ್ ಮಾಡಿದಾಗ ಕರೆಂಟು ನಿಲ್ಲುವ ಫ್ಯೂಸಿನಿಂದಲೇ ಕ್ಯಾಮೆರಾಕ್ಕೆ ಕೊಡಿ.

ಎಲೆಕ್ಟ್ರೀಷಿಯನ್ ಕೆಲಸಕ್ಕೆ ಕೂತಾಗ ಪಕ್ಕದಲ್ಲೇ ನಿಂತು ಇಷ್ಟು ನೋಡಿ. ವಯರಿನ ಸಿಪ್ಪೆ ಸುಲಿದು ಸುತ್ತಿ ಟೇಪ್ ಹಚ್ಚುವುದು ಬೇಡ, ಫ್ಯೂಸ್ ಬಾಕ್ಸಿಗೆ ಹಾಕುವ ಟ್ಯಾಪ್ ಬಳಸಲಿ. ಕರಾವಳಿಯ ಹಸಿಯಲ್ಲಿ ಟೇಪಿನೊಳಗಿನ ತಾಮ್ರ ಹಸಿರುಗಟ್ಟಲು ಒಂದು ಮಳೆಗಾಲ ಸಾಕು. ಫಾಗ್ ಲ್ಯಾಂಪ್ 55 ವ್ಯಾಟಿನದ್ದು ಎರಡಾದರೆ 110 ವ್ಯಾಟ್, ಅಂದರೆ ಸುಮಾರು 8 ಆಂಪಿಯರ್: ಪ್ರತ್ಯೇಕ ರಿಲೇ, 15 ಆಂಪಿಯರ್ ಫ್ಯೂಸ್, 2.5 ಚದರ ಮಿಲಿಮೀಟರ್ ವಯರ್. ಫ್ಯೂಸ್ ಬ್ಯಾಟರಿಯ ಹತ್ತಿರದ ತುದಿಯಲ್ಲಿರಬೇಕು, ದೀಪದ ಹತ್ತಿರ ಅಲ್ಲ. ಅರ್ತ್ ವಯರನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೇ ಕಟ್ಟುವ ರೂಢಿ ಇದೆ. ಮೈನಸ್ ಕಡೆ ಕರೆಂಟ್ ಸೆನ್ಸರ್ ಇರುವ ಗಾಡಿಯಲ್ಲಿ ಅದು ತಪ್ಪು: ಹೋದ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗದೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಬಾಡಿಯ ಅರ್ತ್ ಬೋಲ್ಟಿಗೆ ಕಟ್ಟಿಸಿ. ಕೇಸರಿ ವಯರು, ಕೇಸರಿ ಕನೆಕ್ಟರಿನ ಹತ್ತಿರ ಯಾರ ಕೈಯೂ ಹೋಗಬಾರದು, ಅದರ ಮೇಲೆ ಕ್ಲಿಪ್ಪು ಕಟ್ಟಿ ಬೇರೆ ವಯರು ಎಳೆಯುವುದೂ ಬೇಡ. ಸೀಟಿನ ಕೆಳಗೆ, ಡೋರುಗಳ ನಡುವಿನ ಕಂಬಗಳ ಒಳಗೆ ಹೋಗುವ ಹಳದಿ ವಯರುಗಳು ಏರ್‌ಬ್ಯಾಗಿನವು, ಅವೂ ನಿಷಿದ್ಧ.

12 ವೋಲ್ಟ್ ಸಾಕೆಟ್ಟಿನ ಮಿತಿ ಸಾಮಾನ್ಯವಾಗಿ 120 ವ್ಯಾಟ್. ಲ್ಯಾಪ್‌ಟಾಪ್‌ಗೆ ಸಣ್ಣ ಇನ್ವರ್ಟರ್ ಸರಿ. ಎಲೆಕ್ಟ್ರಿಕ್ ಕೆಟಲ್ ಸರಿಯಲ್ಲ, ಫ್ಯೂಸ್ ಹೋಗುತ್ತದೆ. ಟೈರಿಗೆ ಗಾಳಿ ತುಂಬುವ ಪಂಪು ಬಹುತೇಕ ಈ ಮಿತಿಯ ಅಂಚಿನಲ್ಲೇ ಇರುತ್ತದೆ. ರೆಡಿಯಲ್ಲಿಟ್ಟು, ಒಂದು ಸಲಕ್ಕೆ ಒಂದೇ ಸಾಮಾನು ಬಳಸಿ.

ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ

ಮನೆಯವರು ಗಲ್ಫಿನಲ್ಲಿದ್ದು ಗಾಡಿ ಊರಿನ ಶೆಡ್ಡಿನಲ್ಲಿ ನಿಂತಿರುವುದು ನಮ್ಮ ಕಡೆ ಮಾಮೂಲು. ವಾರಕ್ಕೊಮ್ಮೆ ಐದು ನಿಮಿಷ 'ಸ್ಟಾರ್ಟ್ ಮಾಡಿ ಇಡಿ' ಎಂದು ಮನೆಯವರಿಗೆ ಹೇಳುವುದು ಇಲ್ಲಿ ಸಾಲದು. ಗಾಡಿಯನ್ನು ಹೊರಗೆ ತಂದು, ರೆಡಿಯಲ್ಲಿಟ್ಟು, ಏಸಿ ಹಾಕಿ ಮುಕ್ಕಾಲು ಗಂಟೆ ಬಿಡಲಿ, ಸಾಧ್ಯವಾದರೆ ಓಡಿಸಲಿ. ಆಗ ಸಣ್ಣ ಬ್ಯಾಟರಿ ತುಂಬುತ್ತದೆ, ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಾಗುತ್ತದೆ, ಆಟಿಯ ಮಳೆಯಲ್ಲಿ ಏಸಿಯೊಳಗೆ ಬೂಸ್ಟು ಕಟ್ಟುವುದೂ ಕಡಿಮೆಯಾಗುತ್ತದೆ. ನಿಲ್ಲಿಸುವ ಮುನ್ನ ಕೊನೆಯ ಐದು ನಿಮಿಷ ಏಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸಿದರೆ ಒಳಗಿನ ಕಾಯಿಲ್ ಒಣಗುತ್ತದೆ. ದೊಡ್ಡ ಬ್ಯಾಟರಿಯೂ ತಾನಾಗಿ ಇಳಿಯುತ್ತದೆ. ಅದು ತೀರಾ ಖಾಲಿಯಾದರೆ ಬೇರೆ ಗಾಡಿಯಿಂದ ಕೇಬಲ್ ಹಾಕಿ (ಜಂಪ್ ಮಾಡಿ) ಎಬ್ಬಿಸಲಾಗದು, ಶೋರೂಮಿಗೇ ಹೊತ್ತೊಯ್ಯಬೇಕು. ಕೆಲವು ತಿಂಗಳಿಗೊಮ್ಮೆಯಾದರೂ 30 ನಿಮಿಷ ಅಥವಾ 16 ಕಿಲೋಮೀಟರ್ ಓಡಿಸಿ ಎಂದು ಟೊಯೋಟಾದ ಪುಸ್ತಕ ಹೇಳುವುದು ಇದಕ್ಕೇ.

ನೋಡುವವರು ಯಾರೂ ಇಲ್ಲವೆಂದರೆ 10 ನಂಬರ್ ಸ್ಪ್ಯಾನರಿನಿಂದ ಮೈನಸ್ ಟರ್ಮಿನಲ್ ಕಳಚಿಡಿ. ಬ್ಯಾಟರಿ ಹಿಂಬದಿಯಲ್ಲಿದ್ದರೆ ಎಚ್ಚರ: ಡಿಕ್ಕಿಯ ಬೀಗ ಕರೆಂಟಿನದ್ದು. ಕಳಚಿದ ಮೇಲೆ ಒಳಗೆ ಹೋಗುವ ದಾರಿ ಯಾವುದೆಂದು ಮೊದಲೇ ಮಾಡಿ ನೋಡಿ. ಸ್ಮಾರ್ಟ್ ಕೀಯನ್ನು ಗಾಡಿಯ ಹತ್ತಿರ ತೂಗುಹಾಕಬೇಡಿ.

ಸಣ್ಣ ಬ್ಯಾಟರಿ ಸತ್ತೇಹೋದರೆ ರಿಮೋಟಿನೊಳಗಿನ ಲೋಹದ ಕೀಲಿಯಿಂದ ಡೋರ್ ತೆರೆಯಿರಿ. ಜಂಪ್ ಮಾಡುವ ಜಾಗ ಎಲ್ಲಿದೆಯೆಂದು ಪುಸ್ತಕದಲ್ಲಿ ನೋಡಿ. ಕೆಲವದರಲ್ಲಿ ಬಾನೆಟ್ಟಿನ ಫ್ಯೂಸ್ ಬಾಕ್ಸಿನೊಳಗೆ ಕೆಂಪು ಮುಚ್ಚಳದ ಕೆಳಗಿರುತ್ತದೆ. ಕೆಂಪು ಕೇಬಲ್ ಮೊದಲು ಸತ್ತ ಗಾಡಿಯ ಪ್ಲಸ್ಸಿಗೆ, ಆಮೇಲೆ ಕೊಡುವ ಗಾಡಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಕೊಡುವ ಗಾಡಿಯ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಗಾಡಿಯಲ್ಲಿ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ. ಐದು ನಿಮಿಷ ಕಾದು ಬ್ರೇಕ್ ತುಳಿದು ಬಟನ್ ಒತ್ತಿ. ರೆಡಿ ಬಂದರೆ ಬಂದ ಕ್ರಮಕ್ಕೆ ತಿರುಗಾಗಿ ಕಳಚಿ, ಒಂದು ಗಂಟೆ ರೆಡಿಯಲ್ಲೇ ಬಿಡಿ. ಪ್ಲಸ್-ಮೈನಸ್ ಒಂದು ಕ್ಷಣ ಅದಲುಬದಲಾದರೂ ಕನ್ವರ್ಟರ್ ಸುಟ್ಟುಹೋಗಬಹುದು, ಅದು ಬ್ಯಾಟರಿಗಿಂತ ಎಷ್ಟೋ ದುಬಾರಿ. ನಿಮ್ಮ ಹೈಬ್ರಿಡ್‌ನಿಂದ ಲಾರಿ, ಜೀಪುಗಳಿಗೆ ಜಂಪ್ ಕೊಡಲು ಹೋಗಬೇಡಿ. ಸೆಲ್ಫ್ ಎಳೆಯುವ ಆ ಹೊರೆ ಕನ್ವರ್ಟರ್‌ಗೆ ಹೇಳಿಸಿದ್ದಲ್ಲ.

ಉಪ್ಪು, ನೆರೆ, ಗ್ಯಾಸು

ದೊಡ್ಡ ಬ್ಯಾಟರಿ ತಣ್ಣಗಿರುವುದು ಬಹಳಷ್ಟು ಗಾಡಿಗಳಲ್ಲಿ ನೀವು ಕೂರುವ ಜಾಗದ ಏಸಿ ಗಾಳಿಯಿಂದಲೇ. ಸೀಟಿನ ಹತ್ತಿರವಿರುವ ಅದರ ಕಿಂಡಿಗೆ ಚೀಲ, ಬೆಡ್‌ಶೀಟು, ಬೀಚಿನಿಂದ ತಂದ ಒದ್ದೆ ಟವಲು ಅಡ್ಡ ಇಡಬೇಡಿ. ಅದರ ಜಾಳಿಗೆಯನ್ನು ವರ್ಷಕ್ಕೆರಡು ಸಲ ಶುಚಿ ಮಾಡಿಸಿ. ಅಲ್ಲಿಂದ ಫ್ಯಾನಿನ ಸದ್ದು ಜೋರಾಗಿ ಕೇಳತೊಡಗಿದರೆ ಜಾಳಿಗೆ ಕಟ್ಟಿದೆ ಎಂದೇ ಅರ್ಥ.

ಕೊಟ್ಟಾರ ಚೌಕಿಯಂಥ ಕಡೆ ನೀರು ಡೋರಿನ ಅಂಚಿಗೆ ಬಂದು ಗಾಡಿ ನಿಂತರೆ ಮತ್ತೆ ಆನ್ ಮಾಡಬೇಡಿ. ಇಳಿದು ದೂರ ಹೋಗಿ, ಮುಂದಿನ ಚಕ್ರ ನೆಲ ಬಿಟ್ಟು ಎತ್ತುವ ಅಥವಾ ಪೂರ್ತಿ ಹೊರುವ ಟೋಯಿಂಗ್ ಗಾಡಿ ಕರೆಸಿ. ಮುಂದಿನ ಚಕ್ರ ಉರುಳಿದರೆ ಮೋಟಾರು ಕರೆಂಟು ಹುಟ್ಟಿಸುತ್ತದೆ.

ಕಡಲ ಗಾಳಿಯ ಜೊತೆಗೆ ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ಸೇರಿ, ಮುಂದೆ ಗ್ರಿಲ್ಲಿನ ಹಿಂದಿರುವ, ಏಸಿಯ ಬಿಸಿ ಹೊರಬಿಡುವ ಕಂಡೆನ್ಸರನ್ನು ತಿನ್ನುತ್ತವೆ. ಗಾಡಿ ತೊಳೆಯುವಾಗಲೆಲ್ಲ ಅಲ್ಲಿಗೂ ಸಿಹಿನೀರು ಬಿಡಿ, ಪ್ರೆಷರ್ ಗನ್ನನ್ನು ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚುತ್ತವೆ. ತೂತು ಬಿದ್ದು ಗ್ಯಾಸ್ ಇಳಿಯಿತೆನ್ನಿ. ಇಲ್ಲಿಯೇ ಮಾಮೂಲಿ ಏಸಿ ಅಂಗಡಿಯಲ್ಲಿ ದೊಡ್ಡ ನಷ್ಟವಾಗುವ ಸಾಧ್ಯತೆ. ಬೆಲ್ಟಿನ ಕಂಪ್ರೆಸರ್‌ಗೆ ಹಾಕುವ ಪಿಎಜಿ ಎಣ್ಣೆ ಕರೆಂಟನ್ನು ತಡೆಯುವುದಿಲ್ಲ. ಹೈಬ್ರಿಡ್ ಕಂಪ್ರೆಸರಿನಲ್ಲಿ ಮೋಟಾರಿನ ಸುರುಳಿ ಎಣ್ಣೆಯಲ್ಲೇ ಮುಳುಗಿರುವುದರಿಂದ ಅದಕ್ಕೆ ಪಿಒಇ ಜಾತಿಯ, ಟೊಯೋಟಾಗಳಲ್ಲಿ ಎನ್‌ಡಿ-11 ಎಂಬ ಎಣ್ಣೆಯೇ ಬೇಕು. ತಪ್ಪು ಎಣ್ಣೆ ಸ್ವಲ್ಪ ಬೆರೆತರೂ ಕರೆಂಟು ಬಾಡಿಗೆ ಸೋರುತ್ತದೆ, ಕಂಪ್ಯೂಟರ್ ಅದನ್ನು ಹಿಡಿದು ಎಚ್ಚರಿಕೆ ದೀಪ ಹಾಕುತ್ತದೆ, ಕೆಲವೊಮ್ಮೆ ರೆಡಿಯೇ ಬರುವುದಿಲ್ಲ. ಆಮೇಲೆ ಕಂಪ್ರೆಸರಿನ ಜೊತೆ ಪೈಪುಗಳೂ ಬದಲಾಗಬೇಕಾದೀತು. ಗ್ಯಾಸ್ ತುಂಬುವ ಮೆಷಿನ್ನಿನ ಹೋಸಿನಲ್ಲಿ ಹಿಂದಿನ ಗಾಡಿಯ ಎಣ್ಣೆ ಉಳಿದಿರುವುದೂ ಅಷ್ಟೇ ಅಪಾಯ. ಸೋರಿಕೆ ಮುಚ್ಚುವ ದ್ರವವನ್ನಂತೂ ಹಾಕಿಸಲೇಬೇಡಿ.

ಕೆಲಸ ಶುರುವಾಗುವ ಮೊದಲೇ ಮೂರು ಕೇಳಿ: ಯಾವ ಎಣ್ಣೆ ಹಾಕುತ್ತೀರಿ, ಹೋಸ್ ತೊಳೆದಿದ್ದೀರಾ, ಕಂಪ್ರೆಸರ್ ಬಿಚ್ಚುವುದಿದ್ದರೆ ದೊಡ್ಡ ಬ್ಯಾಟರಿಯ ಕರೆಂಟು ಕಡಿಯುವ ಸರ್ವಿಸ್ ಪ್ಲಗ್ ತೆಗೆದು ಹತ್ತು ನಿಮಿಷ ಕಾಯುತ್ತೀರಾ. ಉತ್ತರ ತಡವರಿಸಿದರೆ ಗಾಡಿ ವಾಪಸ್ ತನ್ನಿ. ಬಾನೆಟ್ಟಿನ ಒಳಗಿನ ಸ್ಟಿಕ್ಕರಿನಲ್ಲಿ ಗ್ಯಾಸಿನ ಜಾತಿ ಮತ್ತು ಗ್ರಾಂ ಎರಡೂ ಇರುತ್ತವೆ. ಅದರ ಫೋಟೋ ತೆಗೆದಿಟ್ಟುಕೊಂಡು, ಬಿಲ್ಲಿನಲ್ಲಿ ಎಣ್ಣೆಯ ಹೆಸರು, ತುಂಬಿದ ಗ್ಯಾಸಿನ ಗ್ರಾಂ ಬರೆಸಿಕೊಂಡೇ ದುಡ್ಡು ಕೊಡಿ.